ಆಟದ ಪೆಟ್ಟಿಗೆಯ ಬೀಗ

ಕೂಡ್ಲಿಗಿ ಬಸ್ ಸ್ಟ್ಯಾಂಡ್ ಎದುರಿನ ಟಿವಿ ಮೆಕ್ಯಾನಿಕ್ ಯಾವ ಕೆಲಸಕ್ಕೂ ಮೊದಲು ಕನ್ನಡಕವನ್ನು ಅಂಗಿಯ ಚುಂಗಿಗೆ ಒರೆಸಿ, "ತಡೀರಿ, ತೆಗಿಯೂಣು" ಎನ್ನುತ್ತಿದ್ದರು. ಗುಜರಿಯಲ್ಲಿ ಸಿಕ್ಕ ವಿಡಿಯೋ ಗೇಮ್ ಪೆಟ್ಟಿಗೆಗೆ, ಆಟ ಬಿಟ್ಟು ಬೇರೇನೂ ನಡೆಯದಂತೆ ಕಂಪನಿ ಹಾಕಿದ್ದ ಸಾಫ್ಟ್‌ವೇರ್ ಬೀಗವನ್ನೂ ಹಾಗೆಯೇ ತೆಗೆದು, ಕೀಬೋರ್ಡ್ ಜೋಡಿಸಿ, ಕಂಪ್ಯೂಟರ್ ಮಾಡಿಕೊಂಡಿದ್ದರು. ಊರವರ ಅರ್ಜಿಗಳೆಲ್ಲ ಅದರಲ್ಲೇ ಟೈಪಾಗುತ್ತಿದ್ದವು. ಆಟ ಆಡಲು ಮಾತ್ರ ಯಾರನ್ನೂ ಬಿಡುತ್ತಿರಲಿಲ್ಲ.

ಒಮ್ಮೆ ಅವರು ಚಹಾಕ್ಕೆ ಹೋದಾಗ, ನನ್ನ ಅರ್ಜಿಯ ಅವಸರಕ್ಕೆ ನಾನೇ ಪೆಟ್ಟಿಗೆ ಚಾಲೂ ಮಾಡಿದೆ. ಮೊಬೈಲಿನ ಇಂಟರ್ನೆಟ್ ಕೊಟ್ಟು, ಪರದೆ ಕೇಳಿದ ಅಪ್‌ಡೇಟ್‌ಗೂ ಹೂಂ ಎಂದು ಒತ್ತಿದೆ. ಕಂಪನಿಯ ಬೀಗ ಮತ್ತೆ ಬಿತ್ತು.

ಅವರು ಬೈಯಲಿಲ್ಲ. "ತಡೀರಿ, ತೆಗಿಯೂಣು" ಎಂದು ನಾಲ್ಕು ದಿನ ಒದ್ದಾಡಿದರು. ಐದನೆಯ ದಿನ ನಾನು ಹೋದಾಗ ಕನ್ನಡಕ ಒರೆಸಲಿಲ್ಲ. ಕೀಬೋರ್ಡ್ ಬದಿಗಿಟ್ಟು, ಜಾಯ್‌ಸ್ಟಿಕ್ ನನ್ನ ಕೈಗೆ ಕೊಟ್ಟರು.

"ಬರ್ರಿ, ಆಟ ಆಡೂಣು."