ಊಟ ಮುಗಿಯುವ ತನಕ ಕೂತವರು

ಸಾವ್ಕಾರರ ಎಡಗಿವಿ ಯಾವಾಗಲೂ ಎಣ್ಣೆಯಿಂದ ಹೊಳೆಯುತ್ತಿತ್ತು. ಶೇಂಗಾ ಎಣ್ಣೆ ಅಳೆಯುತ್ತಿದ್ದ ಕೈಯಲ್ಲೇ ಫೋನು ಎತ್ತಿ ಕಿವಿಗೆ ಒತ್ತಿಕೊಳ್ಳುತ್ತಿದ್ದರು, ಒರೆಸಿಕೊಳ್ಳುವಷ್ಟು ಪುರಸೊತ್ತು ಇರುತ್ತಿರಲಿಲ್ಲ. ಎಡಗಿವಿ ಎಂದು ಬರೆದಿದ್ದೇನೆ. ತಮ್ಮನನ್ನು ಕೇಳಿದರೆ ಬಲಗಿವಿ ಅನ್ನುತ್ತಾನೆ. ಒಂದು ಕಿವಿಯ ವಿಷಯದಲ್ಲೇ ನಮ್ಮಿಬ್ಬರ ನೆನಪು ಕೂಡುವುದಿಲ್ಲ ಎಂದಮೇಲೆ, ಉಳಿದದ್ದನ್ನು ನಾನು ಎಷ್ಟು ಕಂಡಿದ್ದೇನೆ, ಎಷ್ಟು ಆಮೇಲೆ ಸೇರಿಸಿಕೊಂಡಿದ್ದೇನೆ ಎಂಬ ಅನುಮಾನ ಇಟ್ಟುಕೊಂಡೇ ಬರೆಯಬೇಕಾಗಿದೆ. ದಿನಚರಿ ಬರೆಯುವ ಚಟ ನನಗೆ ಹತ್ತಿದ್ದು ಇದೆಲ್ಲ ಮುಗಿದ ಮೇಲೆ.

ಕಮಲಾಪುರದಲ್ಲಿ ನಮ್ಮ ಓಣಿ ದೊಡ್ಡ ರಸ್ತೆಗೆ ಕೂಡುವ ಮೂಲೆಯಲ್ಲಿ ಅವರ ಕಿರಾಣಿ ಅಂಗಡಿ. ಊರೆಲ್ಲ ಅವರನ್ನು ಸಾವ್ಕಾರ ಎಂದು ಕರೆಯುತ್ತಿತ್ತು. ಸಾವ್ಕಾರಿಕೆಯ ಗುರುತು ಮಾತ್ರ ಎಲ್ಲೂ ಇರಲಿಲ್ಲ. ಕೊರಳಲ್ಲಿ ತುಳಸಿಮಾಲೆ, ಮೊಣಕಾಲಲ್ಲಿ ನೋವು, ಕೂರುವಾಗ ಒಮ್ಮೆ ಏಳುವಾಗ ಒಮ್ಮೆ ‘ಪಾಂಡುರಂಗಾ’. ತೂಗುವಾಗ ಮರಾಠಿಯಲ್ಲಿ ಎಣಿಸುತ್ತಿದ್ದರು, ಬೈಯುವಾಗ ಕನ್ನಡಕ್ಕೆ ಬರುತ್ತಿದ್ದರು. ಎಂಬತ್ತರ ದಶಕದ ಕೊನೆಗೆ, ಕಲಬುರಗಿಯ ಸಗಟು ಪೇಟೆ ಗಂಜಿನಲ್ಲಿ ಬೇಳೆ ಬೆಲ್ಲದ ದರ ಕೇಳಲು ಅನುಕೂಲವಾಗಲಿ ಎಂದು ಅಂಗಡಿಗೆ ಫೋನು ಹಾಕಿಸಿಕೊಂಡರು. ಗಂಜಿನ ದರ ಕೇಳಿದ್ದಕ್ಕಿಂತ ಊರವರ ಸುದ್ದಿ ಕೇಳಿದ್ದೇ ಹೆಚ್ಚಾಯಿತು. ನಮ್ಮ ಓಣಿಯಲ್ಲಿ ಬೇರೆ ಫೋನು ಇರಲಿಲ್ಲ. ಕಲಬುರಗಿಯ ದವಾಖಾನೆಗೆ ಯಾರನ್ನು ಸೇರಿಸಿದರೂ, ಮಗಳನ್ನು ಯಾವ ಊರಿಗೆ ಕೊಟ್ಟರೂ, ಎಲ್ಲರೂ ಅವರ ನಂಬರನ್ನೇ ಕೊಟ್ಟು ಬರುತ್ತಿದ್ದರು. ಅವರನ್ನು ಕೇಳಿ ಕೊಟ್ಟವರು ಯಾರೂ ಇಲ್ಲ.

ಹೆರಿಗೆಯಾಯಿತು, ನೌಕರಿ ಸಿಕ್ಕಿತು ಎಂಬ ಸುದ್ದಿಯನ್ನು ಅವರು ಅಂಗಡಿಯ ಮುಂದೆ ಹೋಗುವ ಯಾರ ಕೈಲಾದರೂ ಹೇಳಿ ಕಳಿಸುತ್ತಿದ್ದರು. ಸಾವಿನ ಸುದ್ದಿ ಬಂದರೆ ಮಾತ್ರ ತಾವೇ ಏಳುತ್ತಿದ್ದರು. ‘ಚಲೋ ಸುದ್ದಿಗೆ ಕಾಲು ಇರತಾವ. ಕೆಟ್ಟದ್ದಕ್ಕ ಇರಂಗಿಲ್ಲ, ನಾನೇ ಹೊತಗೊಂಡು ಹೋಗಬೇಕು’ ಅನ್ನುತ್ತಿದ್ದರು. ಎದುರಿಗೆ ನಿಂತ ಗಿರಾಕಿಗೇ ‘ಜರಾ ಅಂಗಡಿ ನೋಡಕೋರಿ’ ಎಂದು ಹೇಳಿ ಮೊಣಕಾಲು ಹಿಡಿದುಕೊಂಡು ಇಳಿಯುತ್ತಿದ್ದರು.

ಹೋದ ಮನೆಯಲ್ಲಿ ತಕ್ಷಣ ಹೇಳುತ್ತಿರಲಿಲ್ಲ. ಕಟ್ಟೆಯ ಮೇಲೆ ಕೂತು ತೊಗರಿ ಹೇಗಿದೆ, ಎಮ್ಮೆ ಎಷ್ಟು ಹಾಲು ಕೊಡುತ್ತದೆ ಎಂದು ಕೇಳುವರು. ಆಮೇಲೆ ‘ಊಟ ಆತೇನ್ರಿ?’ ಆಗಿಲ್ಲ ಎಂದರೆ ‘ಮೊದಲ ಉಣ್ರಿ, ನಾ ಕುಂದರತೀನಿ’ ಎಂದು ಕೂತುಬಿಡುವರು. ಸಾವಾದ ಮನೆಯಲ್ಲಿ ಮಣ್ಣು ಕೊಡುವುದು ಮುಗಿಯುವ ತನಕ ಒಲೆ ಹಚ್ಚುವುದಿಲ್ಲ. ದೂರದಿಂದ ಹೆಣ ಬರಬೇಕು, ಬೀಗರು ಬರಬೇಕು. ಸಣ್ಣ ಮಕ್ಕಳು ಮರುದಿನದವರೆಗೂ ಉಪವಾಸ ಬೀಳುವುದನ್ನು ಅವರು ನೋಡಿದ್ದರು. ‘ಹಸದ ಹೊಟ್ಟಿಗೆ ಸಾವು ಹೇಳಬಾರದು’ ಎಂಬುದು ಅವರೇ ಮಾಡಿಕೊಂಡ ಕಟ್ಟಳೆ.

ಊರಿಗೆ ಇದು ತಿಳಿಯದೆ ಇರುತ್ತದೆಯೇ? ಕಟ್ಟೆಯ ಮೇಲೆ ಅವರು ಕೂತರೆ ಮನೆಯವರಿಗೆ ಅರ್ಥವಾಗುತ್ತಿತ್ತು. ಆದರೂ ಒಳಗೆ ಹೋಗಿ ಎರಡು ತುತ್ತು ಉಣ್ಣುತ್ತಿದ್ದರು. ಅವರು ಬಾಯಿ ಬಿಡುವ ತನಕ ಏನೂ ಆಗಿಲ್ಲ ಎಂದು ಇಬ್ಬರೂ ಕೂಡಿ ನಂಬುವ ಒಂದು ಆಟ ಅದು ಎಂದು ಈಗ ಅನ್ನಿಸುತ್ತದೆ.

ಇದರಿಂದ ಅವರು ಸುಮ್ಮನೆ ಯಾರ ಮನೆಗೂ ಹೋಗದ ಹಾಗಾಯಿತು. ಒಮ್ಮೆ ಪಕ್ಕದ ಮನೆಯ ಕೂಸಿಗೆ ಹೆಸರಿಡುವ ದಿನ ಕರೆದಿದ್ದರೆಂದು ಹೋದರು. ಬಾಗಿಲಲ್ಲಿ ಕೂತಿದ್ದ ಮುದುಕಿ ಎದೆ ಹಿಡಿದುಕೊಂಡಳು.

‘ಯಾರು ಹ್ವಾದ್ರೋ ಯಪ್ಪಾ?’

‘ಯಾರೂ ಹೋಗಿಲ್ಲಬೇ. ಹುಗ್ಗಿ ಉಣ್ಣಾಕ ಬಂದೀನಿ.’

‘ಹಂಗಾದ್ರ ಊರ ಅಗಸಿ ಬಾಗಲದಿಂದನ ಒದರಕೋತ ಬರಬೇಕಿಲ್ಲೋ, ಹುಗ್ಗಿ ಹುಗ್ಗಿ ಅಂತ! ನಾನೇ ಹೋಗ್ತಿದ್ದೆ ಈಗ!’

ಎಲ್ಲರೂ ನಕ್ಕರು. ಅವರೂ ನಕ್ಕರು. ಆದರೆ ಅದಾದ ಮೇಲೆ ಇಂಥ ಕಾರ್ಯಗಳಿಗೆ ಅವರು ಹೋದದ್ದನ್ನು ನಾನು ಕಾಣೆ.

ನಮ್ಮ ಮನೆಗೆ ಬಂದದ್ದು ಒಂದು ಬೆಳಿಗ್ಗೆ. ಅಪ್ಪನಿಗೆ ಕಾಮಣಿ ಏರಿ, ಕಣ್ಣು ಮೈಯೆಲ್ಲ ಹಳದಿಯಾಗಿ, ಕಲಬುರಗಿಯ ದವಾಖಾನೆಗೆ ಸೇರಿಸಿದ್ದರು. ಅಪ್ಪನ ತಮ್ಮ, ನಮ್ಮ ಕಾಕಾ, ಅಲ್ಲಿ ಜೊತೆಗಿದ್ದರು. ಅವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು, ನಾನೂ ತಮ್ಮನೂ ಶಾಲೆಗೆ ಸಿದ್ಧವಾಗಿ ತಾಟಿನ ಮುಂದೆ ಕೂತಿದ್ದೆವು. ಸಾವ್ಕಾರರು ಬಾಗಿಲಲ್ಲಿ ನಿಂತು, ‘ಊಟ ಆತೇನವ್ವ ಮಕ್ಕಳದು?’ ಎಂದರು.

‘ಈಗ ಕುಂತಾರ್ರೀ’ ಎಂದಳು ಅವ್ವ.

‘ಉಣ್ಣಲಿ, ಉಣ್ಣಲಿ. ಅವಸರ ಇಲ್ಲ.’

ಅವ್ವ ನಮ್ಮ ತಾಟಿಗೆ ಇನ್ನೊಂದೊಂದು ರೊಟ್ಟಿ ಹಾಕಿದಳು. ಪುಂಡಿಪಲ್ಯ ಇತ್ತು ಎಂದು ನೆನಪು. ತಮ್ಮ ಬೇಡ ಎಂದದ್ದಕ್ಕೆ, ‘ಸುಮ್ಮ ಉಣ್ಣೋ’ ಎಂದು ಬೈದಳು. ಅವಳೂ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡಳು. ಹೊರಗೆ ರಸ್ತೆಯಲ್ಲಿ ಕಲಬುರಗಿ ಕಡೆಗೆ ಬಸ್ಸು ಹೋದದ್ದು ಕೇಳಿಸಿತು. ನಾವು ಕೈ ತೊಳೆದ ಮೇಲೆ ಅವರು ಹೇಳಿದರು: ‘ತಂಗೀ, ದವಾಖಾನ್ಯಾಗ ಕರ್ಯಾಕತ್ತಾರ. ಹೊಂಡ್ರಿ.’

ರಸ್ತೆಗೆ ಬಂದೆವು. ಬೀದರ್ ಕಡೆಯಿಂದ ಬಂದ ಬಸ್ಸು ತುಂಬಿತ್ತು, ನಿಲ್ಲಿಸಲಿಲ್ಲ. ಅದರ ಮುಂದಿನದು ಸಿಗುವಷ್ಟರಲ್ಲಿ ಬಿಸಿಲು ಏರಿತ್ತು. ದವಾಖಾನೆಯ ಮೆಟ್ಟಿಲಲ್ಲೇ ಕಾಕಾ ಸಿಕ್ಕರು. ಅವರ ಮುಖ ನೋಡಿ ಅವ್ವ ಅಲ್ಲೇ ಮೆಟ್ಟಿಲ ಮೇಲೆ ಕೂತಳು. ಕಾಕಾ ಅಳಲಿಲ್ಲ, ಸಿಟ್ಟಿಗೆದ್ದರು. ‘ಬೆಳಕ ಹರಿಯೋದ್ರಾಗ ಫೋನ್ ಮಾಡೀನಿ, ಎಲ್ಲಿದ್ರಿ ಇಷ್ಟೊತ್ತು? ಈಗ ಹ್ವಾದ, ವೈನಿ. ಈಗ. ಬಾಗಿಲ ನೋಡಕೋತನೇ ಹ್ವಾದ.’

ಫೋನು ಬಂದಾಗ ಅಪ್ಪ ಬದುಕಿದ್ದರು. ಅವ್ವನನ್ನು ಕೇಳುತ್ತಿದ್ದರು. ಮೊದಲ ಬಸ್ಸು ಹಿಡಿದಿದ್ದರೆ ಅವ್ವ ಅವರನ್ನು ಮಾತಾಡಿಸುತ್ತಿದ್ದಳು.

ಅಂದು ಸಂಜೆ ಮಣ್ಣಿಗೆ ಸಾವ್ಕಾರರೂ ಬಂದಿದ್ದರು. ಎಲ್ಲರ ಮುಂದೆ ಕಾಕಾ ಸಾವ್ಕಾರರ ಅಂಗಿ ಹಿಡಿದರು.

‘ಸೀರಿಯಸ್ ಅದಾನ, ವೈನಿನ್ನ ಕಳಿಸ್ರಿ ಅಂದಿಲ್ಲೇನು ನಾ? ನೀವು ರೊಟ್ಟಿ ಉಣಿಸಕೋತ ಕುಂತ್ರಿ!’

‘ಎಲ್ಲಾರೂ ಹಂಗೇ ಅಂತಾರ್ರೀ’ ಎಂದರು ಅವರು ನೆಲ ನೋಡುತ್ತ. ‘ಜೀವ ಹೋದ ಮ್ಯಾಲೂ ಫೋನಿನ್ಯಾಗ ಸೀರಿಯಸ್ ಅಂತನೇ ಹೇಳತಾರ. ನಾ ಹಂಗೇ ತಿಳಕೊಂಡೆ. ತಪ್ಪಾತು.’

ಕಾಕಾ ಬಾಯಿಗೆ ಬಂದದ್ದೆಲ್ಲ ಅಂದರು. ಅವರು ತಪ್ಪಾತು ಎನ್ನುವುದನ್ನು ಬಿಟ್ಟು ಬೇರೇನೂ ಅನ್ನಲಿಲ್ಲ. ಅವ್ವ ಹೆಂಗಸರ ನಡುವೆ ಕೂತು ಇದನ್ನೆಲ್ಲ ಕೇಳಿಸಿಕೊಂಡಳು.

ಆಮೇಲೆ ಅವರು ಮನೆಗಳಿಗೆ ಹೋಗುವುದನ್ನು ಬಿಟ್ಟರು. ಫೋನು ಬಂದರೆ ಆ ಮನೆಯವರನ್ನೇ ಕರೆಕಳಿಸುವರು, ರಿಸೀವರು ಕೈಗೆ ಕೊಟ್ಟು ತಾವು ಬೆನ್ನು ತಿರುಗಿಸುವರು. ಹೆಂಗಸರು ಓಡಿ ಬಂದು, ಎಣ್ಣೆ ಡಬ್ಬಿ ಬೆಲ್ಲದ ಪೆಂಟೆಗಳ ನಡುವೆ ನಿಂತು, ಗಂಡನದೋ ಮಗನದೋ ಸುದ್ದಿ ನೇರ ಕಿವಿಗೆ ಹಾಕಿಸಿಕೊಳ್ಳುವರು. ಮಹಾಗಾಂವದಿಂದ ನಮ್ಮ ಓಣಿಗೆ ಬಂದ ಹೊಸ ಸೊಸೆಯೊಬ್ಬಳು ಹಾಗೆ ಕೇಳಿ ಉಪ್ಪಿನ ಚೀಲದ ಮೇಲೆ ಬಿದ್ದಳು. ಸಾವ್ಕಾರನಿಗೆ ಸೊಕ್ಕು ಬಂದಿದೆ, ನಾಲ್ಕು ಹೆಜ್ಜೆ ನಡೆಯಲಾರ ಎಂದು ಜನ ಆಡಿಕೊಂಡರು.

ಅದಾದ ಕೆಲವು ದಿನಕ್ಕೆ ಅವ್ವ ಅಂಗಡಿಗೆ ಹೋದಳು. ಎಣ್ಣೆಯ ಸೀಸೆ ಹಿಡಿದು ನಾನೂ ಹೋಗಿದ್ದೆ. ಮಧ್ಯಾಹ್ನ, ಬೇರೆ ಗಿರಾಕಿ ಇರಲಿಲ್ಲ. ಈ ಮಾತುಗಳನ್ನು ನಾನು ಅಷ್ಟು ಸಲ ನೆನೆಸಿದ್ದೇನೆ ಎಂದರೆ, ಸವೆದು ಬೇರೆಯೇ ಆಗಿರಬಹುದು. ಅರ್ಥ ಮಾತ್ರ ಬದಲಾಗಿಲ್ಲ ಎಂದುಕೊಂಡಿದ್ದೇನೆ.

‘ಸಾವ್ಕಾರ್ರ, ನೀವೇ ಹೋಗಿ ಹೇಳ್ರಿ, ಮೊದಲಿನಂಗ’ ಎಂದಳು ಅವ್ವ.

‘ನನ್ನ ಕೈಲೆ ಆಗಂಗಿಲ್ಲ ತಂಗೀ. ಸಾಕಾಗ್ಯಾದ.’

‘ಫೋನ್ ಮಾಡಿದವರಿಗೆ ಜೀವ ಅದನೋ ಇಲ್ಲೋ ಅಂತ ಮೊದಲ ಕೇಳ್ರಿ. ಆಮ್ಯಾಲ ಹೋಗ್ರಿ. ಅಕಿ ಉಪ್ಪಿನ ಚೀಲದ ಮ್ಯಾಲ ಬಿದ್ದಿದ್ದು ನೋಡಿ ನಿದ್ದಿ ಬಂದಿಲ್ಲ ನನಗ.’

ಅವ್ವ ಸೆರಗು ಸರಿಮಾಡಿಕೊಂಡು, ದನಿ ಇಳಿಸಿ ಹೇಳಿದಳು: ‘ಅವತ್ತ ನೀವು ಬಾಗಿಲದಾಗ ನಿಂತಾಗನ ನನಗ ತಿಳದಿತ್ತು. ಹ್ವಾದ್ರು ಅಂತನ ತಿಳಕೊಂಡೆ. ನಾ ಒಂದು ಮಾತು ಕೇಳಿದ್ರ ನೀವು ಹೇಳತಿದ್ರಿ. ಕೇಳಲಿಲ್ಲ. ಮಕ್ಕಳಿಗೆ ಇನ್ನೊಂದು ರೊಟ್ಟಿ ಹಾಕಿದೆ. ನಾ ಕೇಳಲಿಲ್ಲ ಅನ್ನೋದು ನಿಮಗೂ ಗೊತ್ತು. ಮೈದುನ ಅಂಗಿ ಹಿಡದಾಗ ಯಾಕ ಹೇಳಲಿಲ್ಲ?’

‘ಹೇಳಿ ಏನ್ ಮಾಡೋದಿತ್ತು?’ ಎಂದರು ಅವರು. ‘ನಾ ಈ ಅಂಗಡ್ಯಾಗ ಇರಾಂವ. ಬೈದ್ರ ಬೈಲಿ. ನೀವು ಆ ಮನ್ಯಾಗ ಬಾಳ್ವಿ ಮಾಡಬೇಕು.’

ಸೀಸೆಗೆ ಎಣ್ಣೆ ಹಾಕಿಸಿಕೊಂಡು ಬಂದೆವು. ದಾರಿಯಲ್ಲಿ ಅವ್ವ ನನ್ನ ಕೈಯನ್ನು ನೋಯುವ ಹಾಗೆ ಹಿಡಿದಿದ್ದಳು.

ಸಾವ್ಕಾರರ ಆ ಮಾತಿನ ತೂಕ ನನಗೆ ಗೊತ್ತಾದದ್ದು ಬಹಳ ತಡವಾಗಿ. ಸಣ್ಣ ವಯಸ್ಸಿಗೇ ವಿಧವೆಯಾದವಳು ಅವ್ವ. ಹೊಲ ಕಾಕಾನ ಕೈಯಲ್ಲಿತ್ತು, ಮನೆಯೂ ಅವರದೇ ಮಾತಿನ ಮೇಲೆ ನಡೆಯುತ್ತಿತ್ತು. ಅಣ್ಣ ಬಾಗಿಲು ನೋಡುತ್ತ ಹೋಗುವಾಗ ಅತ್ತಿಗೆ ತಿಳಿದೂ ತಿಳಿದೂ ರೊಟ್ಟಿ ಬಡಿಸುತ್ತಿದ್ದಳು ಎಂದು ಅವರಿಗೆ ಗೊತ್ತಾಗಿದ್ದರೆ ಏನಾಗುತ್ತಿತ್ತು? ಏನೂ ಆಗುತ್ತಿರಲಿಲ್ಲವೇನೋ, ಕಾಕಾ ಕೆಟ್ಟವರಲ್ಲ. ಆದರೆ ಅವರ ಸಿಟ್ಟಿಗೆ ಒಬ್ಬರು ಬೇಕಾಗಿತ್ತು. ಅದು ಅವ್ವನಾಗಲಿಲ್ಲ. ನನ್ನನ್ನು ಕಲಬುರಗಿಯ ಕಾಲೇಜಿಗೆ, ಆಮೇಲೆ ವಿಶ್ವವಿದ್ಯಾಲಯಕ್ಕೆ ಕಳಿಸಿದ್ದು ಕಾಕಾನೇ. ನಾನು ಓದಿದ ಒಂದೊಂದು ಪುಟದ ಹಿಂದೆಯೂ ಸಾವ್ಕಾರರು ನೆಲ ನೋಡುತ್ತ ನಿಂತ ಆ ಸಂಜೆ ಇದೆ. ಅವರಿಗೆ ಇದನ್ನು ಹೇಳಬೇಕೆಂದು ಎಷ್ಟೋ ಸಲ ಅಂದುಕೊಂಡೆ. ಊರಿಗೆ ಹೋದಾಗ ಸಾಬೂನು ಕೊಂಡು ಬರುತ್ತಿದ್ದೆ, ಅಷ್ಟೇ.

ಅವರು ಮತ್ತೆ ಮನೆಗಳಿಗೆ ಹೋಗತೊಡಗಿದರು. ಫೋನಿನಲ್ಲಿ ‘ಜೀವ ಅದನೋ ಇಲ್ಲೋ, ಮೊದಲ ಅದು ಹೇಳ್ರಿ’ ಎಂದು ಒದರುವುದು ರಸ್ತೆಯ ಆಚೆಗೂ ಕೇಳುತ್ತಿತ್ತು. ಜೀವ ಇದೆ ಎಂದರೆ ಆ ಮೊಣಕಾಲಲ್ಲೇ ಓಡುವರು, ರಸ್ತೆಗೆ ಅಡ್ಡ ನಿಂತು ಬಸ್ಸು ತಡೆಯುವರು. ಕಂಡಕ್ಟರುಗಳ ಕೈಲಿ ಬೈಸಿಕೊಳ್ಳುವರು. ಹೀಗೆ ಎಷ್ಟು ಜನ ಸಮಯಕ್ಕೆ ಹೋಗಿ ಮುಟ್ಟಿದರೋ ನನಗೆ ಗೊತ್ತಿಲ್ಲ. ಕಾಕಾ ಮಾತ್ರ ಅವರ ಅಂಗಡಿ ಮೆಟ್ಟಿಲು ಹತ್ತಲಿಲ್ಲ. ಕಡ್ಡಿಪೆಟ್ಟಿಗೆ ಬೇಕಾದರೂ ಬಸ್‌ಸ್ಟ್ಯಾಂಡಿನ ತನಕ ನಡೆಯುತ್ತಿದ್ದರು.

ಮನೆಮನೆಗೆ ಫೋನು ಬಂದವು, ಆಮೇಲೆ ಮೊಬೈಲು ಬಂದವು. ಸಾವ್ಕಾರರ ಅಂಗಡಿಗೆ ಯಾರೂ ಫೋನು ಮಾಡಬೇಕಾಗಲಿಲ್ಲ. ಅವರಿಗೆ ಖುಷಿಯಾಗಿರಬೇಕೆಂದು ನಾನು ತಿಳಿದಿದ್ದೆ. ಒಮ್ಮೆ ಕೇಳಿದರೆ, ‘ದಣದೀನವ್ವ’ ಎಂದಷ್ಟೇ ಅಂದರು.

ಅವರು ತೀರಿಕೊಂಡಾಗ ನಾನು ಕಲಬುರಗಿಯ ಜೇವರ್ಗಿ ಕಾಲೋನಿಯ ನನ್ನ ಮನೆಯಲ್ಲಿದ್ದೆ, ಹೋಗಲಾಗಲಿಲ್ಲ. ಆದ್ದರಿಂದ ಇಲ್ಲಿಂದ ಮುಂದಿನದು ಅವ್ವ ಹೇಳಿದ್ದು. ಬೆಳಿಗ್ಗೆ ಕಾಕಾ ಪಡಸಾಲೆಯಲ್ಲಿ ಕೂತಿದ್ದರಂತೆ, ಮಣ್ಣಿಗೆ ಹೋಗುವ ಲಕ್ಷಣ ಇರಲಿಲ್ಲ. ಅವ್ವ ಎದುರಿಗೆ ನಿಂತು, ಅಷ್ಟು ವರ್ಷ ಮುಚ್ಚಿಟ್ಟಿದ್ದನ್ನು ಹೇಳಿಬಿಟ್ಟಳು. ಅಂದು ತನಗೆ ತಿಳಿದಿತ್ತು, ತಾನೇ ಕೇಳಲಿಲ್ಲ, ಸಾವ್ಕಾರರು ತನ್ನ ಹೆಸರು ಎತ್ತದೆ ಬೈಸಿಕೊಂಡರು. ಕಾಕಾ ಎದ್ದು ಟೋಪಿ ಹಾಕಿಕೊಂಡು ಹೊರಟರು. ಅಂಗಡಿಯಿಂದ ಸ್ಮಶಾನದ ತನಕ ಚಟ್ಟಕ್ಕೆ ಹೆಗಲು ಕೊಟ್ಟರು, ಎಲ್ಲೂ ಬೇರೆಯವರಿಗೆ ಹೆಗಲು ಬದಲಿಸಲಿಲ್ಲ.

ಕಾಕಾನನ್ನು ನಾನು ಆಮೇಲೆ ಕೇಳಿದೆ. ತಾವು ಹೋಗುವವರೇ ಇದ್ದರಂತೆ, ಅವ್ವ ಹೇಳಿದ್ದಕ್ಕೆ ಹೋದದ್ದಲ್ಲವಂತೆ. ಹಾಗಾದರೆ ಅಷ್ಟು ದೂರ ಹೆಗಲು ಯಾಕೆ ಬದಲಿಸಲಿಲ್ಲ ಎಂದೆ.

‘ಯಾರೂ ಬದಲಾಸಾಕ ಬರಲಿಲ್ಲ’ ಎಂದರು.