ಮೇಷ್ಟ್ರ ತುಪ್ಪದ ಸೀಸೆಗಳು

ಅವರ ಮೂಗಿನ ಹೊಳ್ಳೆಗಳು ಸದಾ ಕಂದು ಬಣ್ಣಕ್ಕಿರುತ್ತಿದ್ದವು. ನಸ್ಯ! ಅಂಗಿಯ ಮೇಲೆ, ಪಂಚೆಯ ಮೇಲೆ, ಮಕ್ಕಳ ಉತ್ತರಪತ್ರಿಕೆಯ ಮೇಲೂ ಅದರ ಪುಡಿ. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುತ್ತಿದ್ದ ಮೇಷ್ಟ್ರು, ಹೆಂಡತಿಯೊಡನೆ ಕೊಳ್ಳೇಗಾಲದ ನಮ್ಮ ಮನೆಯ ಮುಂಭಾಗದಲ್ಲಿ ಬಾಡಿಗೆಗಿದ್ದರು. ನಾನು ಆ ಮನೆಗೆ ಸೊಸೆಯಾಗಿ ಬಂದು ಇನ್ನೂ ವರ್ಷ ತುಂಬಿರಲಿಲ್ಲ.

ಕಾಲಿಗೆ ಚಕ್ರ ಕಟ್ಟಿಕೊಂಡ ಮನುಷ್ಯ. ಊಟಕ್ಕೆ ಕೂತವರು ಅರ್ಧಕ್ಕೇ ಎದ್ದು ಕಿಟಕಿಗೆ ಹೋಗುವರು. ಅಲ್ಲಿ ಮೂರು ಸೀಸೆ: ಒಂದರಲ್ಲಿ ಬರಿಯ ತುಪ್ಪ, ಒಂದರಲ್ಲಿ ವೀಳ್ಯದೆಲೆ ಹಾಕಿ ಕಾಯಿಸಿದ್ದು, ಇನ್ನೊಂದರಲ್ಲಿ ಮಾಕಳಿ ಬೇರು ಹಾಕಿ ಕಾಯಿಸಿದ್ದು. ನಾವು ಉಪ್ಪಿನಕಾಯಿಗೆ ಹಾಕುವ, ಹೊಟ್ಟೆ ಕೆಟ್ಟರೆ ಕಷಾಯ ಮಾಡಿ ಕುಡಿಯುವ ಬೇರೇ ಅದು. ಬೇರು ಬಿದ್ದ ತುಪ್ಪ ಎಷ್ಟು ದಿನವಾದರೂ ಕಮಟಾಗದು ಎಂದು ಮಾದೇಶ್ವರನ ಬೆಟ್ಟದ ದನಗಾಹಿಗಳು ಹೇಳಿದ್ದರಂತೆ.

"ಕಬ್ಬಿಣ ತುಕ್ಕಿಡ್ಯಂಗೆ ತುಪ್ಪಾನೂ ಗಾಳಿ ತಾಕಿ ಕೆಡ್ತದೆ ಕಣವ್ವ. ಈ ಬೇರು ಅದ್ನ ತಡೀತದೋ ಇಲ್ವೋ, ನೋಡೇಬುಡ್ಬೇಕು," ಎನ್ನುವರು ಮೇಷ್ಟ್ರು. ಮೈಸೂರಿನ ಪ್ರಯೋಗಾಲಯವೊಂದರಲ್ಲಿದ್ದ ಹಳೆಯ ಸಹಪಾಠಿ, "ಮೂರು ತಿಂಗಳು ಕೆಡದಿದ್ದರೆ ಬರೆ, ನಾವೇ ಪರೀಕ್ಷೆ ಮಾಡುತ್ತೇವೆ," ಎಂದಿದ್ದನಂತೆ. ಅಷ್ಟು ಸಾಕಾಯಿತು ಇವರಿಗೆ.

ಆದರೆ ನಸ್ಯ ಏರಿಸಿದ ಮೂಗಿಗೆ ಕಮಟು ಎಲ್ಲಿ ತಿಳಿಯಬೇಕು? ಮೂಸುವ ಕೆಲಸ ನನ್ನ ಪಾಲಿಗೆ ಬಂತು. ವಾರಕ್ಕೊಮ್ಮೆ ಮೂಸಿ ಹೇಳಿದ್ದನ್ನು ಪುಸ್ತಕದಲ್ಲಿ ಬರೆದುಕೊಳ್ಳುವರು. ಎರಡು ತಿಂಗಳಿಗೆ ಬರಿಯ ತುಪ್ಪ ಕೆಟ್ಟಿತು. ಬೇರಿನದು ಘಮಘಮ ಅನ್ನುತ್ತಿತ್ತು.

ಮೂರು ತಿಂಗಳು ತುಂಬಿದ ದಿನ ಮೂಸಿದೆ. ಥೂ! ಮೂರೂ ನಾರುತ್ತಿದ್ದವು.

"ಎಲ್ಲಾ ಕಮಟು ಮೇಷ್ಟ್ರೇ."

"ಮಾಕಳೀದೂ?"

"ಅದೇ ಜಾಸ್ತಿ."

ಮೇಷ್ಟ್ರು ಮೂರನ್ನೂ ತಿಪ್ಪೆಗೆ ಸುರಿದು, ಮೈಸೂರಿಗೆ ಸೋತೆನೆಂದು ಕಾಗದ ಹಾಕಿ ಬಂದರು.

ಹತ್ತು ದಿನ ಕಳೆದಿರಬೇಕು. ಒಗ್ಗರಣೆಯ ಘಾಟಿಗೆ ಹೊಟ್ಟೆ ತೊಳೆಸಿ ಹಿತ್ತಿಲಿಗೆ ಓಡಿದೆ. ಅತ್ತೆ ಬೆನ್ನು ನೀವುತ್ತಾ ನಕ್ಕರು. "ಬಸ್ರಿ ಮೂಗಿಗೆ ಮಲ್ಲಿಗೆ ಊವೂ ನಾರ್ತದೆ ಕಣವ್ವ!" ಅವರಿಗೆ ಹಬ್ಬ. ನನಗೆ ತಿಪ್ಪೆಗೆ ಸುರಿದ ತುಪ್ಪ ನೆನಪಾಯಿತು. ಆ ದಿನವೆಲ್ಲ ಒಳಗೂ ಹೊರಗೂ ತಿರುಗಿದೆ, ಒಂದು ಕೆಲಸವೂ ಕೈಗೆ ಹತ್ತಲಿಲ್ಲ. ಸಂಜೆ ಮೇಷ್ಟ್ರು ಬಂದ ಕೂಡಲೇ ಅತ್ತುಬಿಟ್ಟೆ. "ಕೆಟ್ಟಿದ್ದು ನನ್ ಮೂಗು, ತುಪ್ಪ ಅಲ್ಲ!"

"ನೀ ಸುಳ್ಳೇಳ್ಲಿಲ್ವಲ್ಲ. ಒಂದೇ ಮೂಗ ನಂಬ್ಕಂಡು ಸುರ್ದೋನು ನಾನು. ಓಗು, ಏನಾರ ಉಣ್ಣು," ಎಂದರು.

ಮಾರನೆಯ ದಿನವೇ ಹೊಸ ತುಪ್ಪ ಕಾಯಿಸಿದರು. ನಸ್ಯವನ್ನೂ ಬಿಟ್ಟರು. ಅಬ್ಬಾ, ಆ ದಿನಗಳು! ಸುಮ್ಮಸುಮ್ಮನೆ ಸಿಡುಕುವರು, ಬೀದಿಯುದ್ದ ಅಲೆಯುವರು. ಅಷ್ಟರಲ್ಲಿ ಹನೂರಿಗೆ ವರ್ಗವಾಯಿತು. ಸೀಸೆಗಳನ್ನು ಮಡಿಲಲ್ಲಿಟ್ಟುಕೊಂಡೇ ಬಸ್ಸಿನಲ್ಲಿ ಹೋದರು.

ಎರಡು ತಿಂಗಳಿಗೆ ಸುದ್ದಿ ಬಂತು. ಪಾಠ ಹೇಳುತ್ತಿದ್ದಾಗಲೇ ಎದೆ ಹಿಡಿದುಕೊಂಡು ಕುಸಿದರಂತೆ. ಬಸುರಿ ಸಾವಿನ ಮನೆಗೆ ಹೋಗಬಾರದೆಂದು ಅತ್ತೆ ತಡೆದರು. ಆ ಸಿಟ್ಟು ಇಂದಿಗೂ ಆರಿಲ್ಲ.

ತಿಥಿ ಕಳೆದು ಕೆಲವು ದಿನಕ್ಕೆ ಅವರ ಹೆಂಡತಿ ಚೀಲ ಹಿಡಿದು ಬಂದರು. "ಪುಸ್ತಕದಾಗೆ ನೋಡ್ದೆ, ಇವತ್ತಿಗೆ ಮೂರ್ ತಿಂಗ್ಳು. ಕೊಳ್ಳೇಗಾಲದ ಅವ್ವನ ಕೈಲೇ ಮೂಸುಸ್ಬೇಕು ಅಂತಿದ್ರು," ಎಂದು ಸೀಸೆಗಳನ್ನು ಮುಂದಿಟ್ಟರು. ಅಷ್ಟು ಕೆಡಿಸಿದ ಮೇಲೂ ನನ್ನನ್ನೇ ನಂಬಿದ್ದರು, ಪುಣ್ಯಾತ್ಮ.

ಮೂಸಿದೆ. ಬರಿಯದು ಕಮಟು, ಎಲೆಯದು ತುಸು ಕಮಟು, ಬೇರಿನದು ನಿನ್ನೆ ಕಾಯಿಸಿದಂತಿತ್ತು. ನನ್ನ ಮೂಗೊಂದನ್ನೇ ನಂಬದೆ ಅತ್ತೆ, ಗಂಡ, ಅಕ್ಕಪಕ್ಕದವರು ಎಲ್ಲರಿಂದಲೂ ಮೂಸಿಸಿದೆ. ಎಲ್ಲರದೂ ಒಂದೇ ಮಾತು. ಮೈಸೂರಿನ ಸಹಪಾಠಿಗೆ ಮೇಷ್ಟ್ರ ಹೆಸರಿನಲ್ಲೇ ಬರೆದು ಹಾಕಿದೆ. ಅವರಿಲ್ಲವೆಂದು ಬರೆಯಲು ನನಗೆ ಕೈ ಬರಲಿಲ್ಲ.

ವಾರದೊಳಗೆ ಉತ್ತರ ಬಂತು. "ಗೆದ್ದೆ ಕಣಯ್ಯ! ಸೀಸೆ ಹಿಡಿದುಕೊಂಡು ನೀನೇ ಬಾ."

ಮರುದಿನ ನಸುಕಿಗೇ ಗಂಡನನ್ನು ಎಬ್ಬಿಸಿಕೊಂಡು, ಸೀಸೆಗಳನ್ನು ಹಿಡಿದು ಮೈಸೂರಿನ ಮೊದಲ ಬಸ್ಸಿಗೆ ನಾನೇ ಹೊರಟೆ.