ಮಲಗಿದ ಗಡ್ಡೆಗೆ ನೀರು

ಕೊಳೆತ ಗಡ್ಡೆಯ ವಾಸನೆ ಬಂದರೆ ಎಲ್ಲರಿಗೂ ಹೇಸಿಗೆಯಾಗುತ್ತದೆ, ನನಗೆ ಹೆದರಿಕೆಯಾಗುತ್ತದೆ. ಮೊನ್ನೆ ರಾಯಚೂರಿನ ನನ್ನ ಅಡುಗೆಮನೆಯಲ್ಲಿ, ಬುಟ್ಟಿಯ ತಳದಲ್ಲಿ ಮರೆತುಹೋಗಿದ್ದ ಆಲೂಗಡ್ಡೆಯೊಂದು ಕೊಳೆತು ನೀರಾಗಿತ್ತು. ಆ ವಾಸನೆ ಮೂಗಿಗೆ ತಾಗಿದ್ದೇ ತಡ, ನಲವತ್ತರ ಹತ್ತಿರ ಬಂದಿರುವ ನಾನು ಒಂಬತ್ತು ವರ್ಷದ ಹುಡುಗಿಯಾಗಿ, ಮಾನ್ವಿಯ ಅಂಗಳದಲ್ಲಿ ಹುಸೇನ್‌ಬೀ ಖಾಲಾಳ ಕುಂಡಗಳ ಮುಂದೆ ಕೈಯೆಲ್ಲ ಕೆಸರು ಮಾಡಿಕೊಂಡು ಕೂತಿದ್ದೆ. ನಿಮಗೂ ಇಂಥದೊಂದು ವಾಸನೆ ಇರಬಹುದು. ಇಲ್ಲದಿದ್ದರೆ ನೀವು ಪುಣ್ಯವಂತರು.

ಖಾಲಾಳ ಮನೆಯ ಅರ್ಧ ಭಾಗದಲ್ಲಿ ನಾವು ಬಾಡಿಗೆಗಿದ್ದೆವು. ಓಣಿಯವರೆಲ್ಲ ಆಕೆಯನ್ನು ಖಾಲಾ, ಅಂದರೆ ಚಿಕ್ಕಮ್ಮ, ಎಂದೇ ಕರೆಯುತ್ತಿದ್ದರು. ಅಂಗಳ ಒಂದೇ, ಬೇವಿನ ಮರ ಒಂದೇ, ಬಟ್ಟೆ ಒಗೆಯುವ ಕಲ್ಲೂ ಒಂದೇ. ಆಕೆ ಸಂತೆಯಲ್ಲಿ ಬಳೆ ಮಾರುತ್ತಿದ್ದಳು. ಗಂಡ ತೀರಿಹೋಗಿದ್ದ, ಮಕ್ಕಳಿರಲಿಲ್ಲ. ದೇವದುರ್ಗದಲ್ಲಿ ಲಾರಿ ಓಡಿಸುವ ತಮ್ಮನೊಬ್ಬನಿದ್ದ. ಅವನು ಒಮ್ಮೆ ಊಟಿಯಿಂದ ಐದು ಬಿಗೋನಿಯಾ ಗಡ್ಡೆ ತಂದುಕೊಟ್ಟ. ಚಪ್ಪಟೆಯಾಗಿ, ನಡುವೆ ತಗ್ಗಾಗಿ, ಮುರಿದ ಬೆರಣಿಯ ಚೂರಿನ ಹಾಗಿದ್ದ ಅವನ್ನು ನೋಡಿ ಅವ್ವ ನಕ್ಕಳು. "ನಮ್ಮ ಬಿಸಲಾಗ ಮಂದಿನೇ ಬಾಡ್ತಾರ, ಇದೇನು ಹೂ ಬಿಡ್ತದರೀ ಖಾಲಾ?" ಖಾಲಾ ಗಡ್ಡೆಗಳನ್ನು ಸೆರಗಿನಲ್ಲಿ ಕಟ್ಟಿಕೊಂಡಳು. ನೀರು ಹಿಡಿದಿಡುವ ನಮ್ಮ ಎರೆ ಮಣ್ಣು ಬೇಡವೆಂದು ಕೆಮ್ಮಣ್ಣು ತರಿಸಿದಳು. ಮರಳು, ಹಳೆಯ ಗೊಬ್ಬರ, ಬೇವಿನ ಬುಡದಲ್ಲಿ ಕೊಳೆತ ಎಲೆಪುಡಿ ಬೆರೆಸಿ, ಮೊದಲ ಮಳೆಗೆ ಮೂರು ಗಡ್ಡೆಗಳನ್ನು ಕುಂಡಗಳಲ್ಲೂ ಎರಡನ್ನು ಮರದ ನೆರಳಿನ ಮಡಿಯಲ್ಲೂ ತಗ್ಗಿನ ಭಾಗ ಮೇಲೆ ಬರುವಂತೆ ಊರಿದಳು. ಬಿಸಿಲು ಸರಿದ ಹಾಗೆ ಕುಂಡ ಸರಿಸುವುದು ನನ್ನ ಕೆಲಸ. ಶ್ರಾವಣಕ್ಕೆ ಅಂಗೈಯಗಲದ ಕೇಸರಿ ಹೂಗಳು ಬಿಟ್ಟವು, ಎಸಳಿನ ಮೇಲೆ ಎಸಳು, ಮುಟ್ಟಿದರೆ ತಣ್ಣಗೆ. ಓಣಿಯವರು ಅದಕ್ಕೆ 'ಊಟಿ ಗುಲಾಬ್' ಎಂದರು. ಹಿರೇಕೊಟ್ನೆಕಲ್‌ನಿಂದ ಹಾಲು ತರುತ್ತಿದ್ದ ನಾಗವ್ವ ಕ್ಯಾನು ಇಳಿಸಿ ನೋಡುತ್ತ ನಿಂತುಬಿಡುತ್ತಿದ್ದಳು. ಹೂ ನಾನೇ ಬಿಟ್ಟಂತೆ ನನಗೆ ಜಂಬ.

ದೀಪಾವಳಿ ಕಳೆದ ಮೇಲೆ ಎಲೆಗಳು ಹಳದಿಯಾಗತೊಡಗಿದವು. ಅದೇ ದಿನಗಳಲ್ಲಿ ಖಾಲಾಗೆ ಹೊಟ್ಟೆನೋವು ಜೋರಾಯಿತು. ರಾಯಚೂರಿನ ಡಾಕ್ಟರು ಆಪರೇಷನ್ ಆಗಲೇಬೇಕು ಅಂದರು. ಹೊರಡುವ ದಿನ ಬೆಳಿಗ್ಗೆ ಆಕೆ ಮಡಿಯಲ್ಲಿದ್ದ ಎರಡು ಗಡ್ಡೆಗಳನ್ನೂ ಕಿತ್ತು ಕುಂಡಕ್ಕೆ ಹಾಕಿ, ಐದನ್ನೂ ಗೋಡೆಯ ಬದಿಗೆ ಸಾಲಾಗಿಟ್ಟು ನನ್ನನ್ನು ಕರೆದಳು.

"ಎಲಿ ಉದುರ್ತಾವ, ದಂಟು ಕಳಚಿ ಬೀಳ್ತದ. ಅಂಜಬ್ಯಾಡ ಬೇಟಿ, ಅವು ಮಲಗ್ತಾವ. ಮಳಿ ಬರೋತನಕ ನೀರು ಹಾಕಬ್ಯಾಡ. ಮಲಗಿದವರ ಬಾಯಾಗ ಯಾರರ ನೀರು ಹಾಕ್ತಾರೇನು?"

ನಾನು ಇಲ್ಲವೆಂದು ತಲೆಯಾಡಿಸಿದೆ. ನಾಲ್ಕು ದಿನಕ್ಕೆ ದಂಟುಗಳು ಗೆಣ್ಣಿನಲ್ಲಿ ಕಳಚಿ ಬಿದ್ದವು. ಅವು ಬಿದ್ದದ್ದನ್ನು ನೋಡಿದ ನಾಗವ್ವ ಹಾಲು ಅಳೆಯುತ್ತ ಅವ್ವನಿಗೆ ಮೆಲ್ಲಗೆ ಹೇಳಿದಳು: "ಕೈಯಾರೆ ಹಚ್ಚಿದ ಗಿಡ ಒಣಗಿದ್ರ ಹಚ್ಚಿದವ್ರಿಗೆ ಛಲೋ ಅಲ್ಲಂತ ಯವ್ವಾ." ಅವ್ವ "ಬಿಡ್ತು ಅನ್ನು" ಎಂದಳು. ಆದರೆ ಪಾತ್ರೆ ಹಿಡಿದ ಅವಳ ಕೈ ಒಂದು ಗಳಿಗೆ ನಿಂತದ್ದನ್ನು ನಾನು ನೋಡಿದೆ. ದೊಡ್ಡವರ ಮಾತಿಗಿಂತ ಅವರ ಕೈ ನಿಂತರೆ ಮಕ್ಕಳಿಗೆ ಹೆಚ್ಚು ಭಯ. ಗಿಡ ಬದುಕಿದರೆ ಖಾಲಾ ಬದುಕುತ್ತಾಳೆ, ಇಲ್ಲದಿದ್ದರೆ ಇಲ್ಲ ಎಂದು ನನಗೆ ನಾನೇ ತೀರ್ಮಾನಿಸಿಕೊಂಡೆ. ನಲ್ಲಿಗೆ ನೀರು ಬರುತ್ತಿದ್ದದ್ದು ನಾಲ್ಕು ದಿನಕ್ಕೊಮ್ಮೆ, ನೀರು ತುಂಬಿಡುವ ಮಣ್ಣಿನ ಹರವಿಯ ಮೇಲೆ ಅವ್ವನ ಕಣ್ಣು. ಹಾಗಾಗಿ ಶಾಲೆಗೆ ಒಯ್ದ ಬಾಟಲಿಯ ನೀರನ್ನು ಕುಡಿಯದೆ ಹಾಗೇ ವಾಪಸು ತಂದೆ. ನಾಲಿಗೆ ಅಂಟಿಕೊಳ್ಳುತ್ತಿದ್ದರೂ ಸಂಜೆ ಐದು ಕುಂಡಕ್ಕೂ ಹಂಚಿ, "ಏಳು, ಏಳು" ಅನ್ನುತ್ತಿದ್ದೆ. ವೈರಿ ಬಂದು ಕೇಳಿದರೂ ನೀರು ಇಲ್ಲವೆನ್ನಬಾರದು ಎಂದು ಕಲಿಸಿದ ಸೀಮೆ ನಮ್ಮದು. ನೀರಿನಿಂದಲೇ ಸಾಯುವ ಜೀವವೊಂದು ಇರಬಹುದೆಂದು ನನಗೆ ಹೊಳೆಯಲೇ ಇಲ್ಲ.

ಕೆಲವು ವಾರ ಕಳೆದ ಮೇಲೆ ವಾಸನೆ ಬಂತು. ಮಣ್ಣು ಕೆದಕಿದೆ. ಬೆರಳು ಗಡ್ಡೆಯೊಳಗೇ ಇಳಿಯಿತು. ಒಂದಾದ ಮೇಲೊಂದು ಐದನ್ನೂ ಕೆದಕಿದೆ, ಐದೂ ಲೋಳೆ. ಅದೇ ದಿನ ಆಕೆಯ ತಮ್ಮ ಓಣಿಯ ಅಂಗಡಿಗೆ ಫೋನು ಮಾಡಿ, ಹೊಲಿಗೆ ಕೀವಾಗಿ ಅಕ್ಕನಿಗೆ ಜ್ವರ ಏರಿದೆ, ಮಾತು ನಿಂತಿದೆ ಎಂದು ಹೇಳಿದ. ನಾನೇ ಕೊಂದೆ ಎಂದುಕೊಂಡೆ. ಆ ಭಯವನ್ನು ಹೇಗೆ ಹೇಳಲಿ? ಅವ್ವ ಹೆಸರು ಹಿಡಿದು ಕರೆದರೂ ಬೇವಿನ ಮರದ ಹಿಂದೆ ಅಡಗುತ್ತಿದ್ದೆ. ಲೋಳೆಯನ್ನು ಬೇವಿನ ಬುಡದಲ್ಲಿ ಹೂತೆ. ಅವ್ವನ ತರಕಾರಿ ಬುಟ್ಟಿಯಿಂದ ಐದು ಶಾಮಗಡ್ಡೆ ಕದ್ದೆ. ಕೆಸವಿನ ಗಡ್ಡೆ ಅನ್ನುತ್ತಾರಲ್ಲ, ಅವೇ. ಅವುಗಳ ಮೈಮೇಲಿನ ಕೂದಲನ್ನು ಒಗೆಯುವ ಕಲ್ಲಿಗೆ ತಿಕ್ಕಿ ತಿಕ್ಕಿ ತೆಗೆದು ಒಂದೊಂದು ಕುಂಡದಲ್ಲಿ ಒಂದೊಂದು ಹುಗಿದೆ. ಅಂಗೈ ಕೆಂಪಾಗಿ ತುರಿಸಿತು. ದೇವರಿಗೂ ಗೊತ್ತಾಗುವುದಿಲ್ಲ ಎಂದು ನಂಬಿದ್ದೆ. ಮರುದಿನದಿಂದ ದಿನವೂ ತೆಗೆದು ನೋಡಿ, ಮತ್ತೆ ತಿಕ್ಕಿ ಹುಗಿಯುತ್ತಿದ್ದೆ.

ಸಂಕ್ರಾಂತಿಯ ಮುಂಚೆ ಖಾಲಾ ತಮ್ಮನ ಹೆಗಲು ಹಿಡಿದು ಬಂದಳು. ಎಷ್ಟು ಸೊರಗಿದ್ದಳೆಂದರೆ ಕೈಯೆತ್ತಿದರೆ ಬಳೆಗಳು ಮೊಣಕೈಗೆ ಜಾರುತ್ತಿದ್ದವು. ಬದುಕಿದಳಲ್ಲ ಎಂಬ ಸಂತೋಷ ಒಂದು ಗಳಿಗೆ ಮಾತ್ರ. ಆಕೆ ನೆಟ್ಟಗೆ ಕುಂಡದ ಹತ್ತಿರ ಕೂತು, ಬೆರಳು ಹಾಕಿ ಗಡ್ಡೆಯೊಂದನ್ನು ಎತ್ತಿದಳು. ಅದನ್ನು ನೋಡಿದಳು. ತುರಿಸಿ ಕೆಂಪಾದ ನನ್ನ ಅಂಗೈ ನೋಡಿದಳು. ಮತ್ತೆ ಮಣ್ಣಿನಲ್ಲಿಟ್ಟು, "ಛಲೋ ಮಲಗ್ಯಾವ" ಎಂದಳು.

ಮಳೆ ಬಿದ್ದ ಮೇಲೆ ಐದೂ ಕುಂಡಗಳಲ್ಲಿ ಅಗಲಗಲ ಎಲೆಗಳು ಎದ್ದವು. ಊಟಿ ಗುಲಾಬ್ ಎಲ್ಲಿ ಎಂದು ಓಣಿಯವರು ಕೇಳಿದರೆ ಖಾಲಾ, "ಈ ವರ್ಷ ಎಲೀನೇ ಬಿಟ್ಟಾವ, ಅವಕ್ಕೂ ಮನಸ್ಸು ಬರಬೇಕಲ್ಲ" ಅನ್ನುತ್ತಿದ್ದಳು. ಹೊಲದಲ್ಲೇ ಬೆಳೆದ ನಾಗವ್ವ, "ಯವ್ವಾ, ಇದು ಶಾಮ..." ಎಂದು ಬಾಯಿ ತೆಗೆದಳು. "ಹಾಲು ಕೆಡ್ತಾವ, ನೀ ಮೊದ್ಲ ನಡಿ" ಎಂದು ಖಾಲಾ ಆಕೆಯನ್ನು ಸಾಗಹಾಕಿದಳು. ನಾನು ಮಾತ್ರ ಯಾರಿಗೂ ಗೊತ್ತಿಲ್ಲ ಎಂದುಕೊಂಡು, ಕಳ್ಳನಿಗೆ ಚೇಳು ಕುಟುಕಿದ ಹಾಗೆ ಬಾಯಿ ಮುಚ್ಚಿಕೊಂಡು ವರ್ಷ ಕಳೆದೆ. ಆಕೆ ಕೆಮ್ಮಿದರೆ ಸಾಕು, ಓಡಿಹೋಗಿ ಕುಂಡಗಳನ್ನು ನೋಡಿ ಬರುತ್ತಿದ್ದೆ.

ಮುಂದಿನ ಸಂಕ್ರಾಂತಿಗೆ ಆಕೆ ನನಗೆ ಹಸಿರು ಬಳೆ ಇಡಲು ಕೂರಿಸಿಕೊಂಡಳು. ಬಳೆ ಏರುವಾಗ ಕೈ ಹಿಂದಕ್ಕೆಳೆಯುವಂತಿಲ್ಲ, ಎಳೆದರೆ ಒಡೆಯುತ್ತದೆ. ಅದು ಗೊತ್ತಿದ್ದೇ ಆ ಹೊತ್ತು ಆರಿಸಿಕೊಂಡಳೇನೋ. ಮುಷ್ಟಿಯನ್ನು ಮೆತ್ತಗೆ ಒತ್ತುತ್ತ ತಲೆಯೆತ್ತದೆ ಹೇಳಿದಳು: "ಆ ಗಡ್ಡಿ ಸತ್ತು ವರ್ಷಾತು ಬೇಟಿ. ನಾ ಇನ್ನಾ ಇದ್ದೀನಿ, ನೋಡು."

ನಾನು ಬಿಕ್ಕಿ ಬಿಕ್ಕಿ ಅತ್ತೆ. ಆಕೆ ಉಳಿದ ಬಳೆಗಳನ್ನೂ ಇಟ್ಟಳು. ಒಂದೂ ಒಡೆಯಲಿಲ್ಲ.

ಖಾಲಾ ತೀರಿಕೊಂಡದ್ದು ನಾನು ಕಾಲೇಜಿಗೆ ಹೋಗುವಾಗ, ಒಂದು ಶ್ರಾವಣದ ಮಧ್ಯಾಹ್ನ. ಅಂಗಳದ ಐದೂ ಕುಂಡಗಳಲ್ಲಿ ಶಾಮಗಡ್ಡೆಯ ಎಲೆಗಳು ತುಂಬಿ ನಿಂತಿದ್ದವು, ಒಂದೂ ಒಣಗಿರಲಿಲ್ಲ. ಕೊನೆಗಳಿಗೆಯಲ್ಲಿ ಆಕೆಯ ತಮ್ಮ ನೀರಿನ ಚಮಚವನ್ನು ನನ್ನ ಕೈಗಿಟ್ಟು, "ನೀನೂ ಹಾಕವ್ವಾ" ಎಂದ. ಮಲಗಿದವರ ಬಾಯಾಗ ಯಾರರ ನೀರು ಹಾಕ್ತಾರೇನು ಎಂದ ಬಾಯಿ ಅದು. ಹಾಕಿದೆ. ಅರ್ಧ ಒಳಗೆ ಹೋಯಿತು, ಅರ್ಧ ಕೆನ್ನೆಗೆ ಇಳಿಯಿತು.

ಆ ಮನೆ ಈಗಿಲ್ಲ, ಬೇವಿನ ಮರವೂ ಇಲ್ಲ. ಈ ಸಲದ ಮೊದಲ ಮಳೆಗೆ ಬಿಗೋನಿಯಾ ಗಡ್ಡೆಯೊಂದನ್ನು ತರಿಸಿ ರಾಯಚೂರಿನ ಮನೆಯ ಕುಂಡದಲ್ಲಿ ಊರಿದೆ. ಒಂದೇ ಒಂದು ಕೇಸರಿ ಹೂ ಬಿಟ್ಟಿತು. ಕಳೆದ ವಾರ ಅದರ ದಂಟು ಕಳಚಿ ಬಿತ್ತು. ಮಲಗಿದೆ ಎಂದು ಗೊತ್ತಿದೆ, ಆದರೂ ದಿನಾ ಬೆಳಿಗ್ಗೆ ಅದೇ ಹೆದರಿಕೆ. ತಂಬಿಗೆಯಲ್ಲಿ ನೀರು ತುಂಬಿಕೊಂಡು ಕುಂಡದ ತನಕ ಹೋಗುತ್ತೇನೆ, ಸ್ವಲ್ಪ ಹೊತ್ತು ನಿಲ್ಲುತ್ತೇನೆ. ಆಮೇಲೆ ಆ ನೀರನ್ನು ನಾನೇ ಕುಡಿಯುತ್ತೇನೆ.